ಒಂಬತ್ತನೇ ಕೋಣೆಯ ಬೆಂಚು

ಮಂಗಳವಾರ ಸಂಜೆ ನಾಲ್ಕೂವರೆ. ಸವಣೂರು ಬಸ್ ನಿಲ್ದಾಣದಲ್ಲಿ ಶೇಖವ್ವ ಕೇಳಿದ ಪ್ರಶ್ನೆಗೆ ಸುಧಾರಾಣಿ ಹೌದು ಎನ್ನಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಪ್ರಶ್ನೆ ಚಿಕ್ಕದಿತ್ತು. ಶೇಖವ್ವನ ಕಿರಿಯ ಮಗ ಚನ್ನೇಶನಿಗೆ ಹಿರೇಕೆರೂರಿನ ಶ್ವೇತಾ ಎಂಬ ಹುಡುಗಿಯನ್ನು ನೋಡಿದ್ದರು. ಎರಡೂ ಮನೆಯವರು ಒಪ್ಪಿ, ಎಲೆ ಅಡಿಕೆ ಬದಲಾಯಿಸುವ ದಿನ ಗೊತ್ತುಮಾಡುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಪಕ್ಕದ ಮನೆಯ ಶಾರವ್ವ ಒಂದು ಸುದ್ದಿ ತಂದಳು. ಸೋದರತ್ತೆಯ ಮನೆಗೆಂದು ಸವಣೂರಿಗೆ ಬಂದಿದ್ದ ಆ ಹುಡುಗಿ, ಆಸ್ಪತ್ರೆಯಲ್ಲಿ ಒಂಬತ್ತನೇ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದಳಂತೆ. ಮಂಗಳವಾರಗಳಂದು ಆ ಕೋಣೆಯಲ್ಲಿ ಕೂರುವವಳು ಮನಃಶಾಸ್ತ್ರಜ್ಞೆ ಸುಧಾರಾಣಿ.

"ಆ ಹುಡುಗಿ ನಿನ್ನ ಹತ್ರ ಬರ್ತಾಳೇನ ಯವ್ವಾ? ಹೂಂ ಅಂದ್ರ ಹೂಂ ಅನ್ನು, ಇಲ್ಲಂದ್ರ ಇಲ್ಲ ಅನ್ನು. ಹೆಚ್ಚಿಂದೇನು ಬ್ಯಾಡ."

"ನನ್ನ ಹತ್ರ ಯಾರು ಬರ್ತಾರ, ಯಾರು ಬರೂದಿಲ್ಲ ಅನ್ನೂದನ್ನ ನಾ ಯಾರ ಮುಂದೂ ಹೇಳೂದಿಲ್ರಿ ಅವ್ವಾರ."

ತಾಯಿಯ ಕೈಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ ಹಿರಿಯ ಮಗ ರುದ್ರೇಶ ನಡುವೆ ಬಾಯಿ ಹಾಕಿದ. "ಅವ್ವಾ, ಆ ಬೆಂಚಿನ ಮ್ಯಾಲೆ ಕಣ್ಣ ತೋರಸಾಕ ಬಂದವ್ರೂ ಕುಂದರ್ತಾರ. ಕಣ್ಣಿನ ರೂಮು ಬಾಜೂಕ ಐತಿ."

"ಕಣ್ಣ ತೋರಸಾಕ ಬಂದಿದ್ರ ಈಕಿ ಇಲ್ಲ ಅಂತಿದ್ಲು. ಅನ್ನವಲ್ಲಳು. ಸುಮ್ಮನಿದ್ರ ಒಪ್ಪಿದಂಗ. ತಿಳೀತು ಬಿಡಪಾ, ನಡಿ."

ಶೇಖವ್ವ ನಡೆದಳು. ರುದ್ರೇಶ ತಿರುಗಿ ಸುಧಾರಾಣಿಯನ್ನು ನೋಡಿದ. ಅವಳು ಹಾವೇರಿ ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದಳು. ರೆಪ್ಪೆ ಅಲುಗಲಿಲ್ಲ. ಕತ್ತಿನ ನರವೊಂದು ಮಾತ್ರ ಎದ್ದು ಕಾಣುತ್ತಿತ್ತು.

ಅವಳನ್ನು ಮದುವೆಗೆ ಕೇಳಿ ಅವನು ಉತ್ತರಕ್ಕೆ ಕಾದಿದ್ದ. "ವಿಚಾರ ಮಾಡಿ ಹೇಳ್ತೇನ್ರಿ" ಎಂದಿದ್ದಳು. ಮಗನ ಕಣ್ಣು ಎತ್ತ ಹೋಗುತ್ತದೆಂಬುದು ಶೇಖವ್ವನಿಗೂ ಗೊತ್ತಿತ್ತು. ಆ ಸಲುಗೆಯಿಂದಲೇ ಅವಳು ಕೇಳಿದ್ದು.

ರುದ್ರೇಶ ಜಿಲ್ಲಾ ಪತ್ರಿಕೆಯೊಂದರ ಸವಣೂರು ವರದಿಗಾರ. ಜನರ ಬಾಯಿ ಬಿಡಿಸುವುದು ಅವನ ಕೆಲಸ. ಅವರಿಬ್ಬರ ಪರಿಚಯವಾದದ್ದು ಅವಳು ಬಾಯಿ ಬಿಡದಿದ್ದಾಗ.

ಹಿಂದಿನ ವರ್ಷ, ಪಿಯುಸಿ ಫಲಿತಾಂಶದ ಸಮಯ. ಮಕ್ಕಳ ಮನಸ್ಸಿನ ಒತ್ತಡದ ಬಗ್ಗೆ ವರದಿಗೆಂದು ಒಂಬತ್ತನೇ ಕೋಣೆಗೆ ಹೋಗಿದ್ದ.

"ಒಂದ ಉದಾಹರಣಿ ಕೊಡ್ರಿ ಮೇಡಂ. ಹೆಸರು ಬದಲಾಯಿಸ್ತೇವಿ."

"ಹೆಸರು ಬದಲಾಯಿಸ್ತೀರಿ. ಊರು?"

"ಅದನ್ನೂ ಬದಲಾಯಿಸ್ತೇವಿ."

"ವಯಸ್ಸು? ಅವರಪ್ಪ ಏನ ಮಾಡ್ತಾನ ಅನ್ನೂದು?"

"ಬೇಕಂದ್ರ ಅದನ್ನೂ."

"ಎಲ್ಲಾ ಬದಲಾಯಿಸಿದ ಮ್ಯಾಲೆ ಅದು ಉದಾಹರಣಿ ಹೆಂಗಾತ್ರಿ? ಕಥಿ ಆತು."

ಅವನು ನಕ್ಕ. ಅವಳು ನಗಲಿಲ್ಲ. ಆದರೆ ತುಟಿಯ ಒಂದು ತುದಿ ಒಳಕ್ಕೆ ಎಳೆದುಕೊಂಡದ್ದನ್ನು, ಕನ್ನಡಕವನ್ನು ಬೇಕಿಲ್ಲದಿದ್ದರೂ ಸರಿಮಾಡಿಕೊಂಡದ್ದನ್ನು ಅವನು ಗಮನಿಸಿದ. ವರದಿಯಲ್ಲಿ ಅದು ಬರಲಿಲ್ಲ.

ಉದಾಹರಣೆಯ ಬದಲು ಅವಳು ತನ್ನ ಕೆಲಸದ ರೀತಿ ಹೇಳಿದಳು. ಮೊದಲ ಭೇಟಿಯಲ್ಲಿ ಬುದ್ಧಿ ಹೇಳುವುದಿಲ್ಲ. ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತಾಳೆ. ಮನಸ್ಸು ಹೇಗಿದೆ ಎಂದು ಕೇಳುವ ಮೊದಲು ನಿದ್ದೆ ಹೇಗಿದೆ ಎಂದು ಕೇಳುತ್ತಾಳೆ. ನಿದ್ದೆಯ ಬಗ್ಗೆ ಮಾತಾಡಲು ಯಾರೂ ನಾಚುವುದಿಲ್ಲ. ಎದುರಿಗೆ ಕೂತವರು ಅತ್ತರೆ ತಕ್ಷಣ ಕರವಸ್ತ್ರ ಕೊಡುವುದಿಲ್ಲ.

"ಯಾಕ್ರಿ? ಕಲ್ಲ ಮನಸ್ಸೇನ ನಿಮ್ಮದು?"

"ಕರವಸ್ತ್ರ ಕೊಟ್ರ 'ಸಾಕು, ವರಸ್ಕೋ' ಅಂದಂಗ ಆಗ್ತೈತ್ರಿ. ಎಷ್ಟ ದಿನದಿಂದ ಹಿಡದ ಇಟ್ಟಿರ್ತಾರೋ ಏನೋ. ಅಳ್ಳಿ."

ಆ ಮಾತನ್ನು ಅವನು ಮನೆಗೆ ಬರುವ ತನಕ ಮೆಲುಕು ಹಾಕಿದ. ವರದಿ ಉದಾಹರಣೆಯಿಲ್ಲದೆಯೇ ಅಚ್ಚಾಯಿತು. ಮರುದಿನ ಅವಳ ಫೋನ್ ಬಂತು. "ನಾ ಹೇಳಿದ್ದಷ್ಟೇ ಬರದೀರಿ. ಹಿಂಗ ಬರೆಯೋರೂ ಇರ್ತಾರೇನ್ರಿ?"

ಅಂಥ ಮೆಚ್ಚುಗೆ ಹೇಳಿದವಳು ವಾರದ ನಂತರ ಬಜಾರದಲ್ಲಿ ಎದುರಿಗೇ ಬಂದು, ಅವನು ಯಾರೋ ಏನೋ ಎಂಬಂತೆ ದಾಟಿ ಹೋದಳು. "ಊಟ ಆತೇನ್ರಿ" ಎಂದು ಕೇಳದೆ ಹೋದರೆ ಈ ಕಡೆ ಅದು ಜಗಳವಾದಂತೆಯೇ ಲೆಕ್ಕ. ರುದ್ರೇಶ ಎರಡು ವಾರ ಉರಿದುಕೊಂಡ. ಮೂರನೆಯ ಮಂಗಳವಾರ ಬಸ್ ನಿಲ್ದಾಣದಲ್ಲಿ ಅಡ್ಡಗಟ್ಟಿದ.

"ನಾ ಏನರ ತಪ್ಪ ಬರದೇನೇನ್ರಿ?"

"ಇಲ್ಲಲ್ರಿ. ಊಟ ಆತೇನು?" ಅವಳ ಮುಖ ಬೆಳಗಿತ್ತು.

"ಈಗ ಕೇಳ್ತೀರಿ! ಬಜಾರದಾಗ ಮಾರಿ ತಿರುವಿ ಹೋದ್ರಿ."

"ರಸ್ತೆದಾಗ ನಾ ಮದಲ ಯಾರನ್ನೂ ಮಾತಾಡಸೂದಿಲ್ರಿ. ಅವರಾಗೇ ಮಾತಾಡಿಸಿದ್ರ ಮಾತಾಡ್ತೇನಿ. ನನ್ನ ಹತ್ರ ಬಂದವ್ರಿಗಿ, ನಾಕ ಮಂದಿ ಮುಂದ ನನ್ನ ಗುರ್ತು ಬೇಕೋ ಬ್ಯಾಡೋ, ಅವರಿಗೇ ಗೊತ್ತು."

"ನಾ ನಿಮ್ಮ ಪೇಶಂಟ್ ಅಲ್ಲಲ್ರಿ."

"ನಿಮ್ಮನ್ನಷ್ಟ ಮಾತಾಡಿಸಿ ಉಳಿದವ್ರನ್ನ ಬಿಟ್ರ, ಬಿಟ್ಟವ್ರೆಲ್ಲಾ ಪೇಶಂಟ್ ಅಂತ ಊರಿಗೆ ಗೊತ್ತಾಗಿ ಹೊಕ್ಕೈತಿ. ಅದಕ್ಕ ನಿಮ್ಮನ್ನೂ ಬಿಟ್ಟೆ." ಒಂದು ಕ್ಷಣ ತಡೆದು, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ಬಿಡೂದು ಸ್ವಲ್ಪ ತ್ರಾಸ ಆತು," ಎಂದಳು.

ಆಮೇಲಿನ ಮಂಗಳವಾರಗಳಲ್ಲಿ ಅವನೇ ಮೊದಲು ಮಾತಾಡಿಸಿದ. ಸೋಮವಾರ ಹಾನಗಲ್ಲ, ಮಂಗಳವಾರ ಸವಣೂರು, ಬುಧವಾರ ಹಿರೇಕೆರೂರು, ಗುರುವಾರ ಶಿಗ್ಗಾವಿ. ಅವಳ ವಾರ ಅವನಿಗೆ ಬಾಯಿಪಾಠವಾಯಿತು.

ಅವಳ ಕೋಣೆಯೊಳಗಿನ ಸಂಗತಿ ಅವನಿಗೆ ತಿಳಿದದ್ದು ಒಬ್ಬಳಿಂದ ಮಾತ್ರ. ಬಜಾರದಲ್ಲಿ ವೀಳ್ಯದೆಲೆ ಮಾರುವ ಅಡಿವೆವ್ವ ತನ್ನ ಕಥೆಯನ್ನು ಕೇಳಿದವರಿಗೆ, ಕೇಳದವರಿಗೆ ಇಬ್ಬರಿಗೂ ಹೇಳುತ್ತಿದ್ದಳು.

"ಬಸ್ ಅಂದ್ರ ಕೈಕಾಲ ನಡಗ್ತಿದ್ವು ತಮ್ಮಾ. ಒಳಗ ಕುಂತ್ರ ಜೀವಾ ಹೋದಂಗ. ಮಗಳ ಮನಿಗಿ ಹೋಗೂದ ಬಿಟ್ಟಿದ್ದೆ. ಈಕಿ ಏನಂದ್ಲು ಗೊತ್ತೇನ? 'ಹತ್ತಬ್ಯಾಡ. ಸುಮ್ನ ಹೋಗಿ ಬಸ್ ನೋಡಿ ಬಾ' ಅಂದ್ಲು. ಬಸ್ ನೋಡಾಕ ಡಾಕ್ಟರ್ ಯಾಕ ಬೇಕವಾ ಅಂದೆ. ಆದ್ರೂ ಹೋದೆ. ಆಮ್ಯಾಲ 'ನಿಂತ ಬಸ್ಸಿನ್ಯಾಗ ಕುಂತ ಎದ್ದ ಬಾ' ಅಂದ್ಲು. ಕಂಡಕ್ಟರ್ ಬೈದ, ನಾನೂ ಬೈದೆ. ಕಡೀಕ ಹುಲಗೂರ ತನಕ ಹೋಗಿ, ದರ್ಗಾದಾಗ ಸಕ್ಕರಿ ಓದಿಸಿ ಬಂದೆ!"

ಈ ವಿಷಯವನ್ನು ರುದ್ರೇಶ ಸುಧಾರಾಣಿಗೆ ಹೇಳಿದಾಗ ಅವಳು, "ಯಾವ ಅಡಿವೆವ್ವ?" ಎಂದಳು. ಅವನು ಹೊಟ್ಟೆ ಹಿಡಿದು ನಕ್ಕ. ಅವಳ ಆ ನಿಯಮ ಆಗ ಅವನಿಗೆ ಚೆಂದ ಕಂಡಿತ್ತು.

ಶೇಖವ್ವನ ಪ್ರಶ್ನೆಯ ನಂತರ ಅದೇ ನಿಯಮ ಅವನ ಮನೆಯೊಳಗೆ ಬಂದು ಕುಳಿತಿತು. ಚನ್ನೇಶ ತಾಯಿಯ ಜೊತೆ ಮಾತು ಬಿಟ್ಟ. ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದ. ಮುಂದಿನ ವಾರದ ಶುಕ್ರವಾರ ಹಿರೇಕೆರೂರಿಗೆ ಫೋನ್ ಮಾಡಿ ಸಂಬಂಧ ಬೇಡವೆಂದು ತಿಳಿಸುವುದಾಗಿ ಶೇಖವ್ವ ಹೇಳಿದಳು. ಕಾರಣ ಕೇಳಿದರೆ ಏನು ಹೇಳುತ್ತೀ ಎಂದು ರುದ್ರೇಶ ಕೇಳಿದ. "ಇದ್ದದ್ದ ಹೇಳ್ತೇನಿ," ಎಂದಳು ಅವಳು.

ಸೋಮವಾರ ಮಧ್ಯಾಹ್ನ ರುದ್ರೇಶ ಬೈಕ್ ಹತ್ತಿ ಹಾನಗಲ್ಲಿಗೆ ಹೋದ. ಊಟದ ಬಿಡುವಿನಲ್ಲಿ ಇಬ್ಬರೂ ತಾರಕೇಶ್ವರ ಗುಡಿಯ ಕಂಬಗಳ ನೆರಳಿನಲ್ಲಿ ಕುಳಿತರು. ಅವಳ ಡಬ್ಬಿಯಲ್ಲಿ ರೊಟ್ಟಿ ಇತ್ತು. ಇಬ್ಬರೂ ಮುಟ್ಟಲಿಲ್ಲ.

"ಒಂದ ಮಾತ ಹೇಳಿಬಿಡ್ರಿ. ಇಲ್ಲ ಅಂತ. ನಾ ಅವ್ವಗ ಹೇಳ್ತೇನಿ, ಎಲ್ಲಾ ಮುಗೀತೈತಿ."

"ಇವತ್ತ ಇಲ್ಲ ಅಂದೆ ಅಂತ ಇಟ್ಕೋರಿ. ನಾಳೆ ಇನ್ನೊಬ್ರು ಇನ್ನೊಂದ ಹುಡುಗಿ ಸಲುವಾಗಿ ಕೇಳ್ತಾರ. ಆವಾಗ ಹೇಳೂದಿಲ್ಲ ಅಂದ್ರ, ಅದು ಹೌದು ಅಂತ ಆಗ್ತೈತಿ."

"ಶ್ವೇತಾ ನಿಮ್ಮ ಹತ್ರ ಬಂದಽ ಇಲ್ಲಂದ್ರ?"

"ಬರದಿದ್ರೂ ಇದೇ ಮಾತು. ಬಂದಿದ್ರೂ ಇದೇ ಮಾತು."

"ಆಕಿಗಿ ಕೆಟ್ಟ ಹೆಸರು ಬರ್ತೈತಿ. ಹಿರೇಕೆರೂರಾಗ ಮುಂದ ಯಾರೂ ಆಕಿನ್ನ ನೋಡಾಕ ಬರೂದಿಲ್ಲ. ಗೊತ್ತೈತೇನು ನಿಮಗ?"

"ಗೊತ್ತೈತಿ. ನನಗ ನಿದ್ದಿ ಬರವಲ್ದು." ದುಪಟ್ಟಾದ ಅಂಚನ್ನು ಮಡಚಿದಳು, ಬಿಡಿಸಿದಳು. "ಕಳ್ಳ ಮರಳ ಸಾಗಸೂ ಸುದ್ದಿ ಬರದಾಗ ನಿಮ್ಮ ಮನಿಗಿ ದೊಡ್ಡ ಮಂದಿ ಬಂದಿದ್ರಲ್ಲ. ಸುದ್ದಿ ಕೊಟ್ಟಾಂವ ಯಾರು ಅಂತ ಕೇಳಿದಾಗ ಏನಂದ್ರಿ?"

"ಹೇಳೂದಿಲ್ಲ ಅಂದೆ."

"ಅಂವ ಅಲ್ಲ, ಇಂವ ಅಲ್ಲ ಅಂತ ಒಬ್ಬೊಬ್ಬರನ್ನ ಬಿಟ್ಟಕೊಂತ ಹೋಗಿದ್ರ, ಕಡೀಕ ಉಳಿಯಾಂವ ಯಾರ್ರಿ?"

ರುದ್ರೇಶನಿಗೆ ಉತ್ತರ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು.

"ಅದು ಬ್ಯಾರೆ."

"ಏನ ಬ್ಯಾರೆ?"

"ಅದು ನನ್ನ ಮನಿ ಆಗಿರಲಿಲ್ಲ." ಎದ್ದು ನಿಂತ. "ನಾ ಕೇಳಿದ ಮಾತರ? ಅದಕ್ಕಾದ್ರೂ ಉತ್ತರ ಐತೋ ಇಲ್ಲೋ?"

"ಸಿಟ್ಟಿನ್ಯಾಗ ಕೇಳಿದ್ರ ಹೆಂಗ ಹೇಳ್ಲಿ?"

"ಅದನ್ನೂ ಹೇಳೂದಿಲ್ಲ ಅನ್ರಿ, ಮೇಡಂ. ರೂಢಿ ಐತಲ್ಲ ನಿಮಗ." ಹೆಲ್ಮೆಟ್ ತೆಗೆದುಕೊಂಡ. "ಹೋಗ್ತೇನಿ."

ಬರ್ತೇನಿ ಎನ್ನಬೇಕಾದಲ್ಲಿ ಹೋಗ್ತೇನಿ ಎಂದಿದ್ದ. ಸಾವಿನ ಮನೆಯಿಂದ ಏಳುವವರು ಕೂಡ ಹಿಂದೆಮುಂದೆ ನೋಡಿ ಆಡುವ ಮಾತು ಅದು. ಅವಳು ತಲೆಯೆತ್ತಿ ನೋಡಿದಳು. ಕನ್ನಡಕದ ಹಿಂದೆ ಕಣ್ಣುಗಳು ತುಂಬಿದ್ದವು. ಅವನ ಅಂಗಿಯ ಜೇಬಿನಲ್ಲಿ ಕರವಸ್ತ್ರವಿತ್ತು, ಕೊಡಲಿಲ್ಲ. ಅವಳ ರೀತಿಯೆಂದು ಕೊಡಲಿಲ್ಲವೋ, ಸಿಟ್ಟಿನಿಂದಲೋ ಅವನಿಗೇ ತಿಳಿಯಲಿಲ್ಲ. ಬೈಕ್ ಅಕ್ಕಿಆಲೂರು ದಾಟುವ ತನಕವೂ ತಿಳಿಯಲಿಲ್ಲ.

ಮಂಗಳವಾರ ಅವನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ.

ಗುರುವಾರ ಶಿಗ್ಗಾವಿಯಲ್ಲಿ ಅವನ ಚಿಕ್ಕಪ್ಪನ ಮಗನ ಮದುವೆ ಇತ್ತು. ಮದುಮಗಳು ಅಲ್ಲಿಯ ಆಸ್ಪತ್ರೆಯ ನರ್ಸ್. ಆಸ್ಪತ್ರೆಯವರೆಲ್ಲ ಬಂದರು; ಸುಧಾರಾಣಿಯೂ ಬಂದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ರುದ್ರೇಶ ಅದನ್ನು ನೋಡಬಾರದೆಂದುಕೊಂಡು ನೋಡಿದ. ಅವಳೂ ಒಮ್ಮೆ ನೋಡಿ, ಅಕ್ಷತೆಯ ಕಾಳುಗಳನ್ನು ಅಂಗೈಯಲ್ಲಿ ಎಣಿಸುವವಳಂತೆ ತಲೆ ತಗ್ಗಿಸಿದಳು. ಅವಳ ನಿಯಮದ ಪ್ರಕಾರ ಮೊದಲು ಮಾತಾಡಿಸಬೇಕಾದವನು ಅವನು. ಅವನು ಮಾತಾಡಿಸಲಿಲ್ಲ.

ಹೆಂಗಸರ ಪಂಕ್ತಿಯಲ್ಲಿ ಮದುಮಗಳ ತಾಯಿ ಅವಳನ್ನು ಕೈಹಿಡಿದು ತಂದು ಕೂರಿಸಿದಳು. ಕೂರಿಸಿದ್ದು ಶೇಖವ್ವನ ಎದುರಿಗೆ. ಶೇಖವ್ವನ ಪಕ್ಕದಲ್ಲಿ ಶಾರವ್ವ. ಬದನೆಕಾಯಿ ಪಲ್ಲೆ, ಗೋಧಿ ಹುಗ್ಗಿ ಬಡಿಸಿ ಆಗಿತ್ತು. ರುದ್ರೇಶ ತುಪ್ಪದ ಗಿಂಡಿ ಹಿಡಿದು ಎಲೆಯಿಂದ ಎಲೆಗೆ ಬರುತ್ತಿದ್ದ.

"ಡಾಕ್ಟರಮ್ಮಾರ," ಶಾರವ್ವ ಸಾಲಿಗೆಲ್ಲ ಕೇಳುವಂತೆ ಕರೆದಳು. "ಮೊನ್ನೆ ನಮ್ಮ ಶೇಖವ್ವನ್ನ ನಿಮ್ಮ ರೂಮಿನ ಮುಂದ ಕಂಡ್ವೆಪಾ! ಸೆರಗ ಮುಚ್ಕೊಂಡ ಬೆಂಚಿನ ಮ್ಯಾಲೆ ಕುಂತಿದ್ಲು. ಸೊಸಿ ತಲಿ ಸುದ್ದಿ ಕೇಳಾಕ ಹೋಗಿ ಅತ್ತಿನಽ ತಲಿ ತೋರಿಸಿದ್ಲೇನ?"

ಸಾಲು ನಕ್ಕಿತು. ಶೇಖವ್ವನ ಕೈ ಹುಗ್ಗಿಯ ಮೇಲೆ ನಿಂತಿತು. ಮುಖದ ಬಣ್ಣ ಇಳಿಯಿತು.

ರುದ್ರೇಶನಿಗೆ ಈ ವಿಷಯ ಗೊತ್ತಿರಲಿಲ್ಲ. ತಾಯಿ ಅಲ್ಲಿಗೆ ಹೋಗಿದ್ದಳೇ? ಯಾವಾಗ, ಯಾಕೆ? ಅದಕ್ಕಿಂತ ಮೊದಲು ಅವನು ನೋಡಿದ್ದು ಸುಧಾರಾಣಿಯನ್ನು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ತಾಯಿಯ ಮಾನ ಉಳಿಯುತ್ತಿತ್ತು, ತಾಯಿಯ ಮನಸ್ಸು ಅವಳ ಕಡೆ ಆಗುತ್ತಿತ್ತು. ಆದರೆ ಶೇಖವ್ವನಿಗಾಗಿ ಇಲ್ಲ ಎಂದರೆ, ಶ್ವೇತಾಳಿಗಾಗಿ ಹಾಗೆ ಹೇಳದಿದ್ದದ್ದರ ಅರ್ಥ ಏನೆಂದು ಈ ಸಾಲಿಗೆಲ್ಲ ತಿಳಿದುಹೋಗುತ್ತಿತ್ತು. ಹಾನಗಲ್ಲಿನಲ್ಲಿ ತಲೆಗಷ್ಟೇ ಹತ್ತಿದ್ದು ಇಲ್ಲಿ ಎದೆಗೆ ಹತ್ತಿತು. ಹೇಳಬೇಡ ಎಂದು ಅವನ ಮನಸ್ಸು ಕೂಗಿತು. ಹೇಳಿಬಿಡು ಎಂದೂ ಕೂಗಿತು.

ಸುಧಾರಾಣಿ ತುತ್ತನ್ನು ಎಲೆಯ ಮೇಲೆ ಇಟ್ಟಳು.

"ನನ್ನ ಹತ್ರ ಯಾರು ಬರ್ತಾರ, ಯಾರು ಬರೂದಿಲ್ಲ ಅನ್ನೂದನ್ನ ನಾ ಯಾರ ಮುಂದೂ ಹೇಳೂದಿಲ್ರಿ."

ಅದೇ ಮಾತು, ಅದೇ ದನಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಂದ್ರ ಬಂದಿದ್ಲು ಅಂತಾತು!" ಶಾರವ್ವ ಚಪ್ಪಾಳೆ ತಟ್ಟಿದಳು.

ಶೇಖವ್ವ ಸುಧಾರಾಣಿಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮೊದಲು ಸಿಟ್ಟಿತ್ತು. ಆಮೇಲೆ ಸಿಟ್ಟು ಎಲ್ಲಿಗೋ ಹೋಯಿತು.

"ಹೋಗಿದ್ದೆ ನಾ," ಎಂದಳು. "ಏನೀಗ?"

"ಏನಿಲ್ಲವಾ, ನಗ್ಲಿ ಅಂತ ಚಾಷ್ಟಿಗಿ…"

"ಚಾಷ್ಟಿಗಲ್ಲ, ಕೇಳು. ಎದಿ ಡವಡವ ಅಂತಿತ್ತು, ಬೆವರು ಕಿತ್ತು ಬಂತು. ಜೀವಾ ಹೊಕ್ಕೈತಿ ಅಂತ ದವಾಖಾನಿಗಿ ಓಡಿದೆ. ಇಸಿಜಿ ತಗದ್ರು. ಎದಿ ಚಲೋ ಐತಿ, ಒಂಬತ್ತಕ್ಕ ಹೋಗು ಅಂದ್ರು. ಹೋದೆ. ಇದನ್ನ ಈಕಿ ಹೇಳೂದಿಲ್ಲ. ಹೇಳೂದಿದ್ರ ನಾ ಹೇಳಬೇಕು. ಹೇಳಿದೆ."

"ಆತ ಬಿಡವಾ, ಉಣ್ಣು."

"ಇನ್ನೂ ಐತಿ. ಈಕಿ ನನ್ನ ಕುಂದರಿಸಿದ್ಲು, ನೀರ ಕೊಟ್ಲು. ಉಸಿರ ಹೆಂಗ ತಗೋಬೇಕು, ಹೆಂಗ ಸಾವಕಾಶ ಬಿಡಬೇಕು ಅಂತ ತೋರಿಸಿದ್ಲು. ತಣ್ಣಗಾತು ನನಗ. ಆಮ್ಯಾಲ ಅಂತಾಳ, 'ಮುಂದಿಂದು ನಾ ನೋಡಬಾರ್ದ್ರಿ ಅವ್ವಾರ, ಹಾವೇರಿಯಾಗ ಬ್ಯಾರೆ ಮೇಡಂ ಅದಾರ, ಅವರ ಹತ್ರ ಹೋಗ್ರಿ.' ಬಸ್ ಸ್ಟ್ಯಾಂಡಿನ ಸಿಟ್ಟ ಇಟ್ಕೊಂಡಾಳ ಅಂತ ತಿಳದೆ. ಯಾಕ, ನಾ ಬ್ಯಾಡೇನ ನಿನಗ ಅಂತ ಗಂಟ ಬಿದ್ದೆ. ಕಡೀಕ ಹೇಳಿದ್ಲು."

ಸುಧಾರಾಣಿ ಎಲೆಯ ಮೇಲೆ ಬಾಗಿದ್ದಳು. ಅವಳ ಕಿವಿಯ ತುದಿಗಳು ಕೆಂಪಗಾಗಿದ್ದವು.

"'ನಿಮ್ಮ ಮಗನ್ನ ಮದುವಿ ಆಗಬೇಕಂತ ಐತ್ರಿ ನನ್ನ ಮನಸ್ಸಿನ್ಯಾಗ. ಅಂವ ಸಿಟ್ಟ ಆಗ್ಯಾನ, ಆಕ್ಕೈತೋ ಇಲ್ಲೋ ಗೊತ್ತಿಲ್ಲ. ಆದ್ರ ಆಗೂದಿದ್ರ, ಮನಿಯವ್ರನ್ನ ಮನಿಯವ್ರು ನೋಡಬಾರ್ದು. ನಮ್ಮ ಕೆಲಸದಾಗ ಅದು ತಪ್ಪು' ಅಂದ್ಲು."

"ಏ ತಮ್ಮಾ! ಸಾಕೋ ಮಾರಾಯಾ!" ಒಬ್ಬ ಮುದುಕಿ ಕೂಗಿದಳು. "ಹುಗ್ಗಿ ತೇಲಾಕತ್ತೈತಿ!"

ರುದ್ರೇಶ ಗಿಂಡಿ ಎತ್ತಿದ. ಮುದುಕಿಯ ಎಲೆಯಿಂದ ತುಪ್ಪ ಚಾಪೆಗೆ ಹರಿದಿತ್ತು.

ಊಟವಾದ ಮೇಲೆ ಕೈತೊಳೆಯುವ ನಲ್ಲಿಯ ಬಳಿ ಅವಳು ಒಬ್ಬಳೇ ಸಿಕ್ಕಳು. ಅವನ ಕೈಗೆ ಇನ್ನೂ ತುಪ್ಪದ ವಾಸನೆ.

"ಊಟ ಆತೇನು?" ಎಂದ ಅವನು. ಮೊದಲು ಮಾತಾಡಿಸಿದ.

"ಆತ್ರಿ."

"ಸೋಮವಾರ ಅಷ್ಟ ಜಗಳ ಆಗಿತ್ತು. ಮರುದಿನ ಅವ್ವನ ಮುಂದ ಹಂಗ ಅಂದಿಯೇನು?" ಮಾತಿನ ಕೊನೆಯ 'ರಿ' ಬಿಟ್ಟುಹೋಗಿತ್ತು. ಅವಳು ಅದನ್ನು ಗಮನಿಸಿದಳು, ಹುಬ್ಬೊಂದು ಏರಿತು.

"ಅವ್ವಾರು ಬಂದಿದ್ರೋ ಇಲ್ಲೋ ನಾ ಹೇಳೂದಿಲ್ಲ."

"ಅವ್ವನಽ ಹೇಳ್ಯಾಳಲ್ಲ!"

"ಅವರು ಹೇಳ್ಯಾರ. ನಾ ಹೇಳಿಲ್ಲ."

ಅವನು ಸೋತ. ಸೋತದ್ದಕ್ಕೆ ನಗು ಬಂತು. "ಆತು. ಅವ್ವನ ಮಾತು ಅವ್ವಂದು, ಶ್ವೇತಾನ ಮಾತು ಶ್ವೇತಾಂದು. ನಾ ಕೇಳಿದ್ದು ನನ್ನ ಮಾತು. ಅದನ್ನಾದ್ರೂ ಹೇಳ್ತೀಯೋ?"

"ಅದನ್ನ ಹೇಳ್ತೇನಿ."

"ಹೇಳು."

"ಹೂಂ."

"ಹೂಂ ಅಂದ್ರ?"

"ಹೂಂ ಅಂದ್ರ ಹೂಂ." ಒದ್ದೆ ಕೈಯನ್ನು ಅವನ ಕಡೆ ಒದರಿದಳು. ಹನಿಗಳು ಅವನ ಮುಖಕ್ಕೆ ಬಿದ್ದವು. "ವರದಿಗಾರ ಅದಿ. ಎರಡ ಸಲ ಕೇಳಿದ್ರ ಖಾತ್ರಿ ಆಗ್ತೈತೇನು?"

ಅವನು ಒರೆಸಿಕೊಳ್ಳಲಿಲ್ಲ.

ಶುಕ್ರವಾರ ಶೇಖವ್ವ ಹಿರೇಕೆರೂರಿಗೆ ಫೋನ್ ಮಾಡಲಿಲ್ಲ. ಬೆಳಿಗ್ಗೆಯ ಬಸ್ಸಿಗೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತಾನೇ ಹೋದಳು. ನಡುಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಬಂತು. ಚಹಾ ತಂದ ಶ್ವೇತಾ ತಟ್ಟೆಯ ಮುಂದೆ ನಿಂತು, "ಅತ್ತಿ, ನಾ ಒಂದ ಮಾತ…" ಎಂದು ಶುರು ಮಾಡಿದಳು. ಚನ್ನೇಶ ಕುರ್ಚಿಯ ತುದಿಗೆ ಬಂದ.

"ನಿನಗ ಹೇಳಬೇಕು ಅನಿಸಿದಾಗ ಹೇಳವಾ," ಎಂದಳು ಶೇಖವ್ವ. "ನಾ ಕೇಳಾಕ ಬಂದಿಲ್ಲ."

ಶ್ವೇತಾ ಏನು ಹೇಳಲು ಹೊರಟಿದ್ದಳೆಂಬುದು ರುದ್ರೇಶನಿಗೆ ಗೊತ್ತಾಗಲಿಲ್ಲ. ಅವನು ವಿಚಾರಿಸಲೂ ಇಲ್ಲ.

ಎಲೆ ಅಡಿಕೆ ಬದಲಾಯಿಸಿ, ಮದುವೆಯ ದಿನ ಗೊತ್ತಾಯಿತು. ಸುಧಾರಾಣಿಯ ತಂದೆ ದ್ಯಾಮಪ್ಪನ ಮನೆ ರಟ್ಟೀಹಳ್ಳಿಯಲ್ಲಿದೆ. ಮಧ್ಯಾಹ್ನ ಎರಡರ ಬಸ್ಸಿಗೆ ಶೇಖವ್ವ ಮತ್ತು ರುದ್ರೇಶ ಹೆಣ್ಣು ಕೇಳಲು ಅಲ್ಲಿಗೆ ಹೊರಟರು.